ದುಡ್ಡು ಬಂದಿದೆ, ಆರ್ಡರ್ ಕ್ಯಾನ್ಸಲ್ ಆಗಿದೆ: ವೂಕಾಮರ್ಸ್ ಬಿಟ್ಟು ಶಾಪಿಫೈಗೆ ಹೋಗಬೇಕಾ?

ಕೌಲ್‌ಬಜಾರ್ ಡೆನಿಮ್

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಯೂನಿಟ್, 11 ಮಷೀನ್ ಇವೆ. ಮೊದಲು ಬೇರೆಯವರ ಲೇಬಲ್‌ಗೆ ಜಾಬ್‌ವರ್ಕ್ ಮಾಡುತ್ತಿದ್ದೆವು. ಒಂದೂವರೆ ವರ್ಷದಿಂದ ನಮ್ಮದೇ ಹೆಸರಲ್ಲಿ ಆನ್‌ಲೈನ್ ಮಾರುತ್ತಿದ್ದೇವೆ. ಸೈಟ್ ಇರುವುದು ವರ್ಡ್‌ಪ್ರೆಸ್ ಸಾಫ್ಟ್‌ವೇರಿನಲ್ಲಿ, ಅದರ ಮೇಲೆ ಅಂಗಡಿ ನಡೆಸುವ ವೂಕಾಮರ್ಸ್. ಸರ್ವರ್ ಜಾಗ ಹಲವರ ಜೊತೆ ಹಂಚಿಕೊಂಡ ಶೇರ್ಡ್ ಹೋಸ್ಟಿಂಗ್. ತಿಂಗಳಿಗೆ ಸುಮಾರು 200 ಆರ್ಡರ್.

ಮೂರು ವಾರದಿಂದ ಒಂದು ತೊಂದರೆ. ಯುಪಿಐನಲ್ಲಿ ದುಡ್ಡು ಕಟ್ಟಿದ ಕೆಲವರ ಆರ್ಡರ್ ‘ಪೆಂಡಿಂಗ್ ಪೇಮೆಂಟ್’ ಅಂತಲೇ ಉಳಿಯುತ್ತದೆ. ಒಂದು ಗಂಟೆ ಆದಮೇಲೆ ತಾನಾಗಿಯೇ ಕ್ಯಾನ್ಸಲ್. ದುಡ್ಡು ವಸೂಲಿ ಮಾಡಿಕೊಡುವ ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡ್ ನೋಡಿದರೆ ದುಡ್ಡು ಬಂದಿರುತ್ತದೆ. ಎಲ್ಲ ಆರ್ಡರೂ ಹೀಗಾಗುವುದಿಲ್ಲ, ಹತ್ತರಲ್ಲಿ ಮೂರೋ ನಾಲ್ಕೋ. ನಿನ್ನೆ ಕಲಬುರಗಿಯಿಂದ ಒಬ್ಬರು ಫೋನ್ ಮಾಡಿ, ‘ದುಡ್ಡು ತಗೊಂಡು ಪ್ಯಾಂಟ್ ಕಳಿಸಲ್ವಾ?’ ಅಂತ ಕೇಳಿದರು. ತಲೆ ತಗ್ಗಿಸುವಂತಾಯಿತು. ಸೈಟ್ ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಇದನ್ನೆಲ್ಲ ಬಿಟ್ಟು, ಬಾಡಿಗೆಗೆ ಆನ್‌ಲೈನ್ ಅಂಗಡಿ ಕೊಡುವ ಶಾಪಿಫೈಗೆ ಹೋಗಿಬಿಡಲಾ?

ಕಾರಟಗಿ ಸೋನಾ

ಹೋಗಿ ಅಣ್ಣ. ನಾನು ಅಕ್ಕಿ ಮಾರುವುದು ಅದರಲ್ಲೇ. ಸರ್ವರ್, ಅಪ್‌ಡೇಟ್, ಬ್ಯಾಕಪ್ ಯಾವುದರ ಚಿಂತೆಯೂ ಇಲ್ಲ. ಸುಗ್ಗಿಯಲ್ಲಿ ಗಿರಣಿ ಬಿಟ್ಟು ಕಂಪ್ಯೂಟರ್ ಮುಂದೆ ಕೂರಲು ನನಗೆ ಪುರುಸೊತ್ತಿಲ್ಲ.

ಕಿನ್ನಾಳ ಗೊಂಬೆ ಅಕ್ಕ

ಸ್ವಲ್ಪ ತಡೀರಿ. ಮೊದಲು ಇರುವ ತೊಂದರೆ ಸರಿ ಮಾಡೋಣ, ಆಮೇಲೆ ಮನೆ ಬದಲಿಸುವ ಮಾತು. ಗಾಬರಿಯಲ್ಲಿ ಶಿಫ್ಟ್ ಮಾಡಿದರೆ ಹೊಸ ಕಡೆಯೂ ಗೊಂದಲವೇ.

ದುಡ್ಡು ಬಂದ ಸುದ್ದಿ ನಿಮ್ಮ ಸೈಟಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಗ್ರಾಹಕರು ದುಡ್ಡು ಕಟ್ಟಿ ಬ್ರೌಸರಿನಲ್ಲಿ ನಿಮ್ಮ ಪುಟಕ್ಕೆ ವಾಪಸ್ ಬಂದಾಗ. ಇನ್ನೊಂದು ವೆಬ್‌ಹುಕ್, ಅಂದರೆ ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ಕಳಿಸುವ ಸಂದೇಶ. ಯುಪಿಐನಲ್ಲಿ ಎಷ್ಟೋ ಜನ ಫೋನಿನ ಆ್ಯಪ್‌ನಲ್ಲಿ ಪಿನ್ ಒತ್ತಿ ಅಲ್ಲೇ ಮುಚ್ಚಿಬಿಡುತ್ತಾರೆ, ಬ್ರೌಸರಿಗೆ ಬರುವುದೇ ಇಲ್ಲ. ಅಂಥವರ ಆರ್ಡರಿಗೆ ವೆಬ್‌ಹುಕ್ ಒಂದೇ ಗತಿ. ಹತ್ತರಲ್ಲಿ ಮೂರ್ನಾಲ್ಕು ಮಾತ್ರ ಕೆಡುತ್ತಿವೆ ಅಂದಾಗಲೇ ನನಗೆ ಇದೇ ಅನುಮಾನ ಬಂತು.

ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ವೆಬ್‌ಹುಕ್ ಲಾಗ್ ತೆಗೆಯಿರಿ. ನಿಮ್ಮ ಸರ್ವರ್ ಕೊಟ್ಟ ಉತ್ತರದ ಕೋಡ್ ಅಲ್ಲಿರುತ್ತದೆ. 200 ಇದ್ದರೆ ಸಂದೇಶ ಮುಟ್ಟಿದೆ. 404 ಅಂದರೆ ವಿಳಾಸ ತಪ್ಪು. 301 ಅಂದರೆ ಸೈಟಿನ ವಿಳಾಸ ಬದಲಾಗಿದೆ, ವೆಬ್‌ಹುಕ್‌ನಲ್ಲಿ ಹಳೆಯದೇ ಉಳಿದಿದೆ. 403 ಅಂದರೆ ಯಾರೋ ಬಾಗಿಲಲ್ಲೇ ತಡೆಯುತ್ತಿದ್ದಾರೆ, ಹೆಚ್ಚಾಗಿ ಸೆಕ್ಯೂರಿಟಿ ಪ್ಲಗಿನ್, ಅಂದರೆ ಸೈಟ್ ಕಾಯಲು ಸೇರಿಸಿದ ಸಣ್ಣ ಸಾಫ್ಟ್‌ವೇರ್.

ಒಂದು ಗಂಟೆಯ ಲೆಕ್ಕ ಬೇರೆ. ವೂಕಾಮರ್ಸ್ ಸೆಟ್ಟಿಂಗ್ಸ್, ಪ್ರಾಡಕ್ಟ್ಸ್, ಇನ್ವೆಂಟರಿ ಒಳಗೆ ‘ಹೋಲ್ಡ್ ಸ್ಟಾಕ್’ ಅಂತ ಇದೆ, ಅಂದರೆ ದುಡ್ಡು ಬರುವ ತನಕ ಸರಕನ್ನು ಬೇರೆಯವರಿಗೆ ಕೊಡದೆ ಹಿಡಿದಿಡುವ ಸಮಯ. ಅಲ್ಲಿ ಮೊದಲಿಂದಲೂ 60 ನಿಮಿಷ ಇರುತ್ತದೆ. ಅಷ್ಟರೊಳಗೆ ದುಡ್ಡು ಬಂದ ಸುದ್ದಿ ಸಿಗದಿದ್ದರೆ ಆರ್ಡರ್ ರದ್ದು. ನನ್ನ ಹತ್ತಿರ ಒಂದೊಂದು ಗೊಂಬೆಯೂ ಒಂದೇ ಪೀಸ್, ನನಗೆ ಅದು ಬೇಕೇ ಬೇಕು. ನೀವು ರಿಪೇರಿ ಮುಗಿಯುವ ತನಕ ಅದನ್ನು ಖಾಲಿ ಬಿಡಿ.

ಕೌಲ್‌ಬಜಾರ್ ಡೆನಿಮ್

ಅಕ್ಕ, ಸಾಲಾಗಿ 403! ಸೆಕ್ಯೂರಿಟಿ ಪ್ಲಗಿನ್ ಮೂರು ವಾರದ ಹಿಂದೆ ತಾನೇ ಅಪ್‌ಡೇಟ್ ಆಗಿದೆ. ವೆಬ್‌ಹುಕ್ ವಿಳಾಸಕ್ಕೆ ಅದರಲ್ಲಿ ಅನುಮತಿ ಕೊಟ್ಟೆ. 1 ರೂಪಾಯಿಯ ಪ್ರಾಡಕ್ಟ್ ಮಾಡಿ, ದುಡ್ಡು ಕಟ್ಟಿ, ಬ್ರೌಸರ್ ಮುಚ್ಚಿ ನೋಡಿದೆ. ಅರ್ಧ ನಿಮಿಷದಲ್ಲಿ ‘ಪ್ರೊಸೆಸಿಂಗ್’ ಬಂತು. ಗೇಟ್‌ವೇ ಪಟ್ಟಿ ಇಟ್ಟುಕೊಂಡು ತಾಳೆ ನೋಡಿದರೆ, ದುಡ್ಡು ಬಂದೂ ರದ್ದಾದ ಆರ್ಡರ್ 31. ಎಲ್ಲರಿಗೂ ಫೋನ್ ಮಾಡುತ್ತಿದ್ದೇನೆ.

ಆದರೂ ಕೇಳುತ್ತೇನೆ, ನಾಳೆ ಇನ್ನೊಂದು ಪ್ಲಗಿನ್ ಹೀಗೇ ಮಾಡಿದರೆ?

ಕಿನ್ನಾಳ ಗೊಂಬೆ ಅಕ್ಕ

ಮಾಡುತ್ತದೆ. ಸ್ವಂತ ಹೋಸ್ಟಿಂಗ್ ಅಂದರೆ ಅದೇ. ಕೇಳಬೇಕಾದ ಪ್ರಶ್ನೆ ಒಂದೇ: ವಾರಕ್ಕೆ ಒಂದೆರಡು ಗಂಟೆ ಕೂತು ಇದನ್ನು ನೋಡುವವರು ನಿಮ್ಮಲ್ಲಿ ಯಾರಾದರೂ ಇದ್ದಾರಾ? ಬ್ಯಾಕಪ್ ತೆಗೆಯಬೇಕು, ಅಪ್‌ಡೇಟನ್ನು ಮೊದಲು ಸೈಟಿನ ನಕಲಿನಲ್ಲಿ ಹಾಕಿ ನೋಡಬೇಕು, ಆಮೇಲೆ ಒಂದು ಟೆಸ್ಟ್ ಆರ್ಡರ್. ಯಾರೂ ಇಲ್ಲದಿದ್ದರೆ ಕಾರಟಗಿ ಅಣ್ಣ ಹೇಳಿದ್ದೇ ಸರಿ.

ಇದ್ದರೆ ಲೆಕ್ಕ ಹಾಕಿ. ಶಾಪಿಫೈನ ಸ್ವಂತ ಪೇಮೆಂಟ್ ಸೇವೆ ಭಾರತದಲ್ಲಿ ಇಲ್ಲ. ಬೇರೆ ಗೇಟ್‌ವೇ ಬಳಸಬೇಕು. ಹಾಗೆ ಬಳಸಿದರೆ ಬೇಸಿಕ್ ಪ್ಲಾನಿನಲ್ಲಿ ಅವರಿಗೆ 2% ಕೊಡಬೇಕು, ಗೇಟ್‌ವೇ ಶುಲ್ಕ ಅದರ ಮೇಲೆ. 200 ಆರ್ಡರ್, ಒಂದಕ್ಕೆ 900 ರೂಪಾಯಿ ಅಂದರೂ 1,80,000. ಅದರಲ್ಲಿ 2% ಅಂದರೆ ತಿಂಗಳಿಗೆ 3,600 ರೂಪಾಯಿ. ಪ್ಲಾನಿನ ಬಾಡಿಗೆ ಬೇರೆ. ಅಷ್ಟು ದುಡ್ಡಿಗೆ ಒಳ್ಳೆಯ ಮ್ಯಾನೇಜ್ಡ್ ವರ್ಡ್‌ಪ್ರೆಸ್ ಹೋಸ್ಟಿಂಗ್ ಸಿಗುತ್ತದೆ. ಸರ್ವರ್ ಮತ್ತು ಬ್ಯಾಕಪ್ ಅವರು ನೋಡುತ್ತಾರೆ, ಅಂಗಡಿ ನಿಮ್ಮ ಕೈಯಲ್ಲೇ ಇರುತ್ತದೆ. ನಿಮಗೆ ನಾನು ಹೇಳುವುದು ಇದನ್ನೇ.

ಶಿಫ್ಟ್ ಮಾಡಿದರೆ ಗ್ರಾಹಕರ ಪಾಸ್‌ವರ್ಡ್ ಜೊತೆಗೆ ಬರುವುದಿಲ್ಲ. ಲಿಂಕ್‌ಗಳೂ ಬದಲಾಗುತ್ತವೆ. ಹಳೆಯದರಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕದಿದ್ದರೆ ಗೂಗಲ್‌ನಿಂದ ಬರುವವರಿಗೆ ಖಾಲಿ ಪುಟ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆ? ಇವತ್ತೇ ನೋಡಿ. ಎಲ್ಲಿಗೆ ಹೋದರೂ ಅದು ನಿಮ್ಮ ಹೆಸರಲ್ಲೇ ಇರಬೇಕು.

ಯರಮರಸ್ ಹುಡುಗ

ಸ್ವಂತ ಹೋಸ್ಟಿಂಗ್ ಅಂದರೆ ಮನೆಯ ಕಂಪ್ಯೂಟರಲ್ಲೇ ಇಟ್ಟುಕೊಳ್ಳುವುದಾ? ನಮ್ಮ ರಾಯಚೂರಿನ ಬಿಸಿಲಿಗೆ ಆಗುತ್ತಾ?

ಕಿನ್ನಾಳ ಗೊಂಬೆ ಅಕ್ಕ

ಬೇಡಪ್ಪ. ಸಾಫ್ಟ್‌ವೇರ್ ನಿನ್ನದು, ಸರ್ವರ್ ಜಾಗ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಅಂತ ಅರ್ಥ. ಕರೆಂಟ್ ಹೋದರೆ ಅಂಗಡಿ ಮುಚ್ಚಬಾರದು ಅಲ್ವಾ.

ಕೌಲ್‌ಬಜಾರ್ ಡೆನಿಮ್

ಅಕ್ಕ, ಡೊಮೇನ್ ಸೈಟ್ ಮಾಡಿಕೊಟ್ಟವರ ಇಮೇಲ್‌ನಲ್ಲಿದೆ. ಒಂದೂವರೆ ವರ್ಷ ನನಗೆ ಗೊತ್ತೇ ಇರಲಿಲ್ಲ. ಈ ಡಿಸೆಂಬರಿಗೆ ಅವಧಿ ಮುಗಿಯುತ್ತದೆ.

ಕಿನ್ನಾಳ ಗೊಂಬೆ ಅಕ್ಕ

ಜಗಳ ಬೇಡ, ನೇರ ಹೋಗಿ ಮಾತಾಡಿ. ಡೊಮೇನ್ ಲಾಕ್ ತೆಗೆಸಿ, ಅದನ್ನು ನಿಮ್ಮ ಖಾತೆಗೆ ತರಲು ಬೇಕಾದ ಟ್ರಾನ್ಸ್‌ಫರ್ ಕೋಡ್ ತಗೊಳ್ಳಿ. ಕಟ್ಟಿದ ದುಡ್ಡಿನ ರಸೀದಿ ಜೊತೆಗಿರಲಿ. ಇದು ಆಗುವ ತನಕ ಬೇರೇನೂ ಮುಟ್ಟಬೇಡಿ.

ಕೌಲ್‌ಬಜಾರ್ ಡೆನಿಮ್

ಇವತ್ತು ಅವರ ಆಫೀಸಿಗೇ ಹೋಗಿದ್ದೆ. ಟೀ ಕುಡಿಸಿ ಕೋಡ್ ಕೊಟ್ಟರು. ಟ್ರಾನ್ಸ್‌ಫರ್ ಶುರುವಾಗಿದೆ. ನಮ್ಮ ಪ್ಯಾಕಿಂಗ್ ನೋಡುವ ಹುಡುಗಿ ಬಿಸಿಎ ಓದಿದ್ದಾಳೆ, ಪ್ರತಿ ಸೋಮವಾರ ಬೆಳಿಗ್ಗೆ ಸೈಟ್ ಅವಳದು. ಸದ್ಯ ವೂಕಾಮರ್ಸ್‌ನಲ್ಲೇ ಇರುತ್ತೇವೆ, ಹೋಸ್ಟಿಂಗ್ ಮಾತ್ರ ಬದಲಿಸುತ್ತೇವೆ. ಕಲಬುರಗಿಯವರ 34 ಸೈಜಿನ ಪ್ಯಾಂಟ್ ಮಧ್ಯಾಹ್ನ ಕೊರಿಯರ್‌ಗೆ ಹೋಯಿತು.