ಉಬುಂಟು 24.04: ಬ್ಯಾಟರಿ ಎರಡೂವರೆ ಗಂಟೆಯೂ ಬರುತ್ತಿಲ್ಲ, ಸಹಾಯ ಬೇಕು

ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ. ಉಬುಂಟು ಲಿನಕ್ಸ್ ಹಾಕಿಕೊಂಡ ಮೇಲೆ ಬ್ಯಾಟರಿ ಎರಡೂವರೆ ಗಂಟೆ ಬಂದರೆ ಅದೇ ಹೆಚ್ಚು. ಇದೇ ಲ್ಯಾಪ್‌ಟಾಪ್ ವಿಂಡೋಸ್‌ನಲ್ಲಿ ಐದು ಗಂಟೆ ಆರಾಮಾಗಿ ಬರುತ್ತಿತ್ತು. ಮಾಡುವ ಕೆಲಸ ಬ್ರೌಸರ್, ಲಿಬ್ರೆ ಆಫೀಸ್, ಅಷ್ಟೇ. ನಮ್ಮ ಕಡೆ ಮಳೆ ಹಿಡಿದರೆ ಮಧ್ಯಾಹ್ನ ಹೋದ ಕರೆಂಟ್ ರಾತ್ರಿ ಬಂದರೆ ಬಂತು. ಬ್ರೈಟ್‌ನೆಸ್ ಕಮ್ಮಿ ಮಾಡಿದೆ, ಬ್ಲೂಟೂತ್ ಆಫ್ ಮಾಡಿದೆ, ಪವರ್ ಸೇವರ್ ಮೋಡ್ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ. ವಿಂಡೋಸ್‌ಗೆ ವಾಪಸ್ ಹೋಗಲು ಮನಸ್ಸಿಲ್ಲ. ಯಾರಾದರೂ ದಾರಿ ಹೇಳಿ.

ಕಪ್ಪುಪರದೆ:
ಟಿಎಲ್‌ಪಿ ಹಾಕಿ ಸರ್, ಬ್ಯಾಟರಿ ಉಳಿಸುವ ಪ್ರೋಗ್ರಾಂ. ಹೊಸ ಲ್ಯಾಪ್‌ಟಾಪ್‌ಗೆ ನಾನು ಮೊದಲು ಮಾಡುವ ಕೆಲಸವೇ ಅದು. ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಆಯ್ತು.

ಕರ್ನಲ್_ಕರಾವಳಿ:
ಹಾಗೆ ಸುಮ್ನೆ ಹಾಕಬೇಡಿ. ಉಬುಂಟುವಿನಲ್ಲಿ ಪವರ್ ಮೋಡ್ ನೋಡಿಕೊಳ್ಳುವ ಪವರ್-ಪ್ರೊಫೈಲ್ಸ್-ಡೀಮನ್ ಮೊದಲೇ ಇರುತ್ತದೆ. ಎರಡೂ ಒಟ್ಟಿಗೆ ಓಡಿದರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ಮೊದಲು ಲ್ಯಾಪ್‌ಟಾಪ್ ಯಾವುದು, ಪ್ರೊಸೆಸರ್ ಯಾವುದು ಹೇಳಿ. ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ಹಾಕಿ ಎಷ್ಟು ವ್ಯಾಟ್ ತೋರಿಸುತ್ತದೆ ನೋಡಿ.

ಕಪ್ಪುಪರದೆ:
ಡೀಮನ್ ತೆಗೆದು ಟಿಎಲ್‌ಪಿ ಹಾಕಬೇಕು ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಡೀಮನ್‌ನಲ್ಲಿ ಇರುವುದೇ ಮೂರು ಮೋಡ್. ಟಿಎಲ್‌ಪಿ ಆದರೆ ಯುಎಸ್‌ಬಿ, ವೈಫೈ, ಸೌಂಡ್ ಕಾರ್ಡ್ ಎಲ್ಲವನ್ನೂ ಹಿಡಿತಕ್ಕೆ ತರುತ್ತದೆ.

ಕರ್ನಲ್_ಕರಾವಳಿ:
ಈಗಿನ ಪ್ರೊಸೆಸರ್‌ಗಳು ಸ್ಪೀಡ್ ಏರಿಳಿತವನ್ನು ಬಹುಮಟ್ಟಿಗೆ ತಾವೇ ನೋಡಿಕೊಳ್ಳುತ್ತವೆ. ಟಿಎಲ್‌ಪಿಯಿಂದ ಅರ್ಧ, ಒಂದು ವ್ಯಾಟ್ ಉಳಿಯಬಹುದು. ಐದು ಗಂಟೆ ಎರಡೂವರೆಗೆ ಇಳಿದಿದೆ ಅಂದರೆ ಯಾವುದೋ ದೊಡ್ಡದು ಎಚ್ಚರವಾಗಿಯೇ ಕೂತಿದೆ.

ಮಲೆನಾಡಿಗ:
ಡೀಮನ್ ತೆಗೆದು ಟಿಎಲ್‌ಪಿ ಹಾಕಿದೆ. ಈಗ ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಆಯ್ಕೆಯೇ ಮಾಯ! ಬ್ಯಾಟರಿ ಹೆಚ್ಚುಕಮ್ಮಿ ಮೊದಲಿನಷ್ಟೇ ಬರುತ್ತಿದೆ. ಪವರ್‌ಟಾಪ್‌ನಲ್ಲಿ ವ್ಯಾಟ್ ಎಲ್ಲೂ ಕಾಣುತ್ತಿಲ್ಲ.

ಕರ್ನಲ್_ಕರಾವಳಿ:
ಆ ಆಯ್ಕೆ ಡೀಮನ್‌ನದು, ಅದರ ಜೊತೆಗೇ ಹೋಯಿತು. ಚಾರ್ಜರ್ ಕಿತ್ತು ಪವರ್‌ಟಾಪ್ ಓಡಿಸಿ. ಪ್ಲಗ್‌ನಲ್ಲಿದ್ದರೆ ಡಿಸ್‌ಚಾರ್ಜ್ ಲೆಕ್ಕ ಬರುವುದಿಲ್ಲ. ಯಾವ ವಿಂಡೋವನ್ನೂ ಮುಟ್ಟದೆ ಸ್ವಲ್ಪ ಹೊತ್ತು ಬಿಡಿ.

ಹಳೇಥಿಂಕ್‌ಪ್ಯಾಡ್:
ನನ್ನ ಥಿಂಕ್‌ಪ್ಯಾಡ್ ಟಿ480 ನೋಡಿ. ಒಳಗೆ 24 ವ್ಯಾಟ್-ಅವರ್ ಬ್ಯಾಟರಿ, ಹಿಂದೆ 72ರದ್ದು. ಡೆಬಿಯನ್ ಲಿನಕ್ಸ್, ಹಗುರವಾದ ಐ3 ವಿಂಡೋ ಮ್ಯಾನೇಜರ್. ಸುಮ್ಮನೆ ಇದ್ದಾಗ 5 ವ್ಯಾಟ್ ದಾಟುವುದಿಲ್ಲ. ಬೆಳಿಗ್ಗೆ ತೆಗೆದರೆ ಸಂಜೆವರೆಗೆ ಚಾರ್ಜರ್ ಮುಖ ನೋಡುವುದಿಲ್ಲ. ಹಿಂದಿನ ಬ್ಯಾಟರಿಯನ್ನು ಲ್ಯಾಪ್‌ಟಾಪ್ ಆಫ್ ಮಾಡದೆಯೇ ಬದಲಿಸಬಹುದು. ಚಾರ್ಜ್ 80ಕ್ಕೆ ನಿಲ್ಲುವಂತೆ ಮಿತಿ ಹಾಕಿಟ್ಟಿದ್ದೇನೆ, ಅದಕ್ಕೇ ಇನ್ನೂ ಗಟ್ಟಿಯಾಗಿವೆ.

ಕಪ್ಪುಪರದೆ:
80ಕ್ಕೆ ನಿಲ್ಲಿಸಿದರೆ ಕರೆಂಟ್ ಹೋದಾಗ ಐದನೇ ಒಂದು ಭಾಗ ಇಲ್ಲವೇ ಇಲ್ಲ ಅಲ್ವಾ? ಅವರ ಊರಿಗೆ ಇದು ಸರಿಹೋಗುವುದಿಲ್ಲ.

ಹಳೇಥಿಂಕ್‌ಪ್ಯಾಡ್:
ಯಾವಾಗಲೂ 100ರಲ್ಲಿ ಪ್ಲಗ್‌ಗೆ ಹಾಕಿಟ್ಟರೆ ಬ್ಯಾಟರಿ ಬೇಗ ಸವೆಯುತ್ತದೆ. ಮೋಡ ಕಂಡ ದಿನ ಮಿತಿ ತೆಗೆದು ಪೂರ್ತಿ ತುಂಬಿಸಿಕೊಂಡರೆ ಆಯ್ತು, ಒಂದು ಕಮಾಂಡಿನ ಕೆಲಸ.

ಮಲೆನಾಡಿಗ:
ಪವರ್‌ಟಾಪ್ 18 ವ್ಯಾಟ್ ತೋರಿಸುತ್ತಿದೆ. ಏನೂ ಓಪನ್ ಮಾಡಿಲ್ಲ. ಎನರ್ಜಿ_ಫುಲ್_ಡಿಸೈನ್ (ಹೊಸದಿದ್ದಾಗಿನ ಸಾಮರ್ಥ್ಯ) 52, ಎನರ್ಜಿ_ಫುಲ್ (ಈಗಿನದು) 43 ವ್ಯಾಟ್-ಅವರ್. ಬ್ಯಾಟರಿಯೇ ಹೋಗಿದೆಯಾ?

ಕರ್ನಲ್_ಕರಾವಳಿ:
ಬ್ಯಾಟರಿ ಸ್ವಲ್ಪ ಸವೆದಿದೆ, ಹೋಗಿಲ್ಲ. 43ನ್ನು 18ರಿಂದ ಭಾಗಿಸಿ, ನಿಮ್ಮ ಎರಡೂವರೆ ಗಂಟೆ ಹತ್ತಿರಕ್ಕೆ ಬಂತಲ್ಲ. ತೊಂದರೆ ಇರುವುದು ಆ 18ರಲ್ಲಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆಯಾ?

ಮಲೆನಾಡಿಗ:
ಇದೆ, ಆರ್‌ಟಿಎಕ್ಸ್ 3050. ಆದರೆ ನಾನು ಗೇಮ್ ಆಡುವುದಿಲ್ಲ. ಯಾವಾಗಲೋ ಒಮ್ಮೆ ಬ್ಲೆಂಡರ್. ಅದಕ್ಕೇ ಹೇಳಲಿಲ್ಲ.

ಕಪ್ಪುಪರದೆ:
ಪ್ರೈಮ್-ಸೆಲೆಕ್ಟ್ ಇಂಟೆಲ್ ಅಂತ ಕಮಾಂಡ್ ಕೊಟ್ಟು ರೀಬೂಟ್ ಮಾಡಿ. ಕಾರ್ಡ್ ಪೂರ್ತಿ ಬಂದ್.

ಕರ್ನಲ್_ಕರಾವಳಿ:
ತಡೆಯಿರಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಆ ಕಾರ್ಡಿಗೇ ಜೋಡಿಸಿರುತ್ತದೆ. ಬಂದ್ ಮಾಡಿದರೆ ಹೊರಗಿನ ಮಾನಿಟರ್ ಬರುವುದಿಲ್ಲ. ಬೇಕಾದಾಗ ಮಾತ್ರ ಕಾರ್ಡ್ ಬಳಸುವ ಆನ್-ಡಿಮ್ಯಾಂಡ್ ಮೋಡ್‌ನಲ್ಲೇ ಬಿಡಿ. 3050 ಕೆಲಸವಿಲ್ಲದಾಗ ತಾನೇ ಮಲಗಬೇಕು. /ಸಿಸ್/ಕ್ಲಾಸ್/ಡಿಆರ್‌ಎಂ ಒಳಗೆ ಆ ಕಾರ್ಡಿನ ಡಿವೈಸ್/ಪವರ್_ಸ್ಟೇಟ್ ಫೈಲ್ ಓದಿ. ಮಲಗಿದ್ದರೆ ಡಿ3ಕೋಲ್ಡ್, ಎಚ್ಚರವಿದ್ದರೆ ಡಿ0 ಅಂತ ಇರುತ್ತದೆ. ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಕೊಟ್ಟು ನೋಡಬೇಡಿ, ಆ ಕಮಾಂಡೇ ಕಾರ್ಡನ್ನು ಎಬ್ಬಿಸುತ್ತದೆ.

ಮಲೆನಾಡಿಗ:
ಡಿ0 ಅಂತ ಇದೆ. ಎಷ್ಟು ಸಲ ನೋಡಿದರೂ ಡಿ0. ಮೇಲಿನ ಪಟ್ಟಿಯಲ್ಲಿ ಕಾರ್ಡಿನ ಬಿಸಿ 46 ಡಿಗ್ರಿ ಅಂತಲೇ ತೋರಿಸುತ್ತಿದೆ, ಅಂದರೆ ತಣ್ಣಗೇ ಇದೆ.

ಕರ್ನಲ್_ಕರಾವಳಿ:
ಯಾವ ಪಟ್ಟಿ? ಡೆಸ್ಕ್‌ಟಾಪ್‌ಗೆ ಸೇರಿಸುವ ಗ್ನೋಮ್ ಎಕ್ಸ್‌ಟೆನ್ಶನ್ ಹಾಕಿದ್ದೀರಾ? ಅಂಥವು ಕೆಲವು ಕ್ಷಣಕ್ಕೊಮ್ಮೆ ಎನ್‌ವಿಡಿಯಾ-ಎಸ್‌ಎಂಐಯನ್ನೇ ಕರೆದು ಬಿಸಿ ಕೇಳುತ್ತವೆ. ಕೇಳಿದಾಗಲೆಲ್ಲ ಕಾರ್ಡ್ ಏಳುತ್ತದೆ. ಮತ್ತೆ ಮಲಗುವಷ್ಟರಲ್ಲಿ ಇನ್ನೊಮ್ಮೆ ಕೇಳಿರುತ್ತದೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಸೆನ್ಸರ್ ಆಫ್ ಮಾಡಿ, ಲಾಗೌಟ್ ಆಗಿ ಬನ್ನಿ.

ಮಲೆನಾಡಿಗ:
ಡಿ3ಕೋಲ್ಡ್ ಬಂತು! ಪವರ್‌ಟಾಪ್ ಈಗ 8ರ ಆಸುಪಾಸು. ಫ್ಯಾನ್ ಸದ್ದೂ ನಿಂತಿದೆ. ಬಹಳ ಉಪಕಾರವಾಯಿತು ಸರ್.

ಕಪ್ಪುಪರದೆ:
ಟಿಎಲ್‌ಪಿ ಇರಲಿ, ತೆಗೆಯಬೇಡಿ. ಈ 8ರಲ್ಲಿ ಅದರ ಪಾಲೂ ಇದೆ.

ಮಲೆನಾಡಿಗ:
ಇನ್ನೊಂದು ವಿಷಯ. ರಾತ್ರಿ ಮುಚ್ಚಳ ಮುಚ್ಚಿಟ್ಟರೆ ಬೆಳಿಗ್ಗೆ ಹೊತ್ತಿಗೆ ಕಾಲು ಭಾಗ ಚಾರ್ಜ್ ಖಾಲಿ. ಇದು ಮೊದಲಿನಿಂದಲೂ ಇದೆ.

ಹಳೇಥಿಂಕ್‌ಪ್ಯಾಡ್:
/ಸಿಸ್/ಪವರ್/ಮೆಮ್_ಸ್ಲೀಪ್ ನೋಡಿ. ಡೀಪ್ (ಗಾಢ ನಿದ್ದೆ) ಅಂತ ಇದ್ದರೆ ಅದನ್ನೇ ಆಯ್ಕೆ ಮಾಡಿ. ನನ್ನದು ಡೀಪ್, ರಾತ್ರಿಯೆಲ್ಲ ಬಿಟ್ಟರೂ ಚಾರ್ಜ್ ಇಳಿದದ್ದು ಗೊತ್ತೇ ಆಗುವುದಿಲ್ಲ.

ಮಲೆನಾಡಿಗ:
ಎಸ್2ಐಡಲ್ (ಹಗುರ ನಿದ್ದೆ) ಒಂದೇ ಇದೆ. ಡೀಪ್ ಇಲ್ಲವೇ ಇಲ್ಲ. ರ್‍ಯಾಮ್ 16 ಜಿಬಿ, ಸ್ವಾಪ್ 4.

ಕರ್ನಲ್_ಕರಾವಳಿ:
ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡೀಪ್ ಕೊಡುವುದೇ ಇಲ್ಲ. ಬಯೋಸ್‌ನಲ್ಲಿ ಸ್ಲೀಪ್ ಆಯ್ಕೆ ಇದೆಯಾ ಒಮ್ಮೆ ಹುಡುಕಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸಸ್ಪೆಂಡ್ ಆಗಿದ್ದು ಆಮೇಲೆ ಹೈಬರ್ನೇಟ್ ಆಗುವಂತೆ, ಅಂದರೆ ರ್‍ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ನ ಸ್ವಾಪ್‌ಗೆ ಬರೆದು ಪೂರ್ತಿ ಆಫ್ ಆಗುವಂತೆ ಮಾಡಬೇಕು. ಅದಕ್ಕೆ 4 ಜಿಬಿ ಸ್ವಾಪ್ ಸಾಲದು, ರ್‍ಯಾಮ್‌ಗಿಂತ ಸ್ವಲ್ಪ ಜಾಸ್ತಿಯೇ ಇರಲಿ. ಬಯೋಸ್‌ನ ಸೆಕ್ಯೂರ್ ಬೂಟ್ ಆನ್ ಇದ್ದರೆ ಉಬುಂಟು ಕರ್ನಲ್ ಹೈಬರ್ನೇಟ್ ಆಗಲು ಬಿಡುವುದಿಲ್ಲ. ನಿಮ್ಮದರಲ್ಲಿ ಆನ್ ಇದೆಯಾ?