‘ಸಹ ಪೈಲಟ್’: ಕೂಡಿಸಿ ಬರೆಯೋದಾ, ಬಿಡಿಸಿ ಬರೆಯೋದಾ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಡಿಟಿಪಿ, ಫ್ಲೆಕ್ಸ್ ಅಂಗಡಿ ಇದೆ. ನಮ್ಮ ಅಕ್ಕನ ಮಗಳು ಪೈಲಟ್ ತರಬೇತಿ ಮುಗಿಸಿ ಬಂದಿದ್ದಾಳೆ. ಮುಂದಿನ ತಿಂಗಳು ಕೋ-ಪೈಲಟ್ ಆಗಿ ಕೆಲಸಕ್ಕೆ ಸೇರುತ್ತಾಳೆ. ಓಣಿಯವರು ಸನ್ಮಾನ ಇಟ್ಟುಕೊಂಡಿದ್ದಾರೆ, ಫ್ಲೆಕ್ಸು ನನ್ನ ಪಾಲಿಗೆ ಬಂತು. ದೊಡ್ಡ ಅಕ್ಷರದಲ್ಲಿ ‘ನಮ್ಮ ಓಣಿಯ ಹುಡುಗಿ ಸಹ ಪೈಲಟ್’ ಅಂತ ಹಾಕಿದೆ. ಮದುವೆ ಕಾರ್ಡು ಒಯ್ಯಲು ಬಂದಿದ್ದವರೊಬ್ಬರು ಸ್ಕ್ರೀನ್ ನೋಡಿ, ‘ಹೌದಾ? ಮೊದ್ಲು ಯಾರು ಆಗಿದ್ರು?’ ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಅವರು ‘ಹುಡುಗಿಯೂ ಪೈಲಟ್’ ಅಂತ ಓದಿಕೊಂಡಿದ್ದರು.

ತಪ್ಪು ಅವರದಲ್ಲ. ‘ನಾನು ಸಹ ಬರ್ತೀನಿ’ ಅನ್ನುವಲ್ಲಿಯೂ ಇದೇ ‘ಸಹ’ ಅಲ್ವಾ? ಸಹಪಾಠಿ, ಸಹೋದ್ಯೋಗಿ ಅಂತ ಅಂಟಿಸಿ ಬರೆದರೆ ಈ ಗೊಂದಲ ಇಲ್ಲ. ಆದರೆ ಶಾಲೆಗಳಲ್ಲಿ ‘ಸಹ ಶಿಕ್ಷಕ’ ಅಂತ ಬಿಡಿಸಿಯೇ ಬರೆಯುತ್ತಾರೆ, ಅದನ್ನು ಯಾರೂ ತಪ್ಪು ಓದುವುದಿಲ್ಲ. ‘ಸಹಪೈಲಟ್’ ಅಂತ ಕೂಡಿಸಿ ನೋಡಿದೆ, ಕಣ್ಣಿಗೆ ಏನೋ ಒಂಥರಾ ಕಾಣಿಸುತ್ತದೆ. ಇದು ನನ್ನ ಮೊದಲ ಪ್ರಶ್ನೆ.

ಅಕ್ಕ ‘ಸಹಾಯಕ ಪೈಲಟ್ ಅಂತ ಹಾಕಿಬಿಡು’ ಅಂದಳು. ಹುಡುಗಿಯ ಮುಖ ಬಾಡಿತು. ಅಷ್ಟರಲ್ಲಿ ಅಮ್ಮ ಒಳಗಿನಿಂದ, ‘ಸಹಾಯಕ ಅಂದ್ರ ಲಾರಿ ಕ್ಲೀನರ್ ಇದ್ದಂಗೇನು?’ ಅಂತ ಕೇಳಿದಳು. ನಮ್ಮ ಅಪ್ಪ ಸಂಡೂರಿನ ಅದಿರು ಲಾರಿ ಓಡಿಸಿದವರು. ಅಮ್ಮನ ಪ್ರಕಾರ ದೊಡ್ಡ ಗಾಡಿಗೆ ಒಬ್ಬ ಡ್ರೈವರು, ಒಬ್ಬ ಕ್ಲೀನರು. ಕ್ಲೀನರ್ ಗ್ಲಾಸು ಒರೆಸುತ್ತಾನೆ, ಗಾಲಿಗೆ ಕಲ್ಲು ಕೊಡುತ್ತಾನೆ, ರಿವರ್ಸಿನಲ್ಲಿ ‘ಬರ್ಲಿ ಬರ್ಲಿ’ ಅಂತ ಕೂಗುತ್ತಾನೆ. ಹುಡುಗಿಗೆ ಸಿಟ್ಟೂ ಬಂತು, ನಗೂ ಬಂತು.

ಅವಳ ಕೋಣೆಯ ಗೋಡೆಗೆ ಕಾಕ್‌ಪಿಟ್ಟಿನ ದೊಡ್ಡ ಚಿತ್ರ ಅಂಟಿಸಿದ್ದಾಳೆ, ಅದರ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ. ಎಡಗಡೆ ಕ್ಯಾಪ್ಟನ್, ಬಲಗಡೆ ಅವಳು. ನನ್ನನ್ನು ಎಡಗಡೆ ಕೂರಿಸಿ ಕೈಗೊಂದು ಹಾಳೆ ಕೊಟ್ಟು, ‘ಈಗ ನೀನು ಓಡಿಸ್ತಿದ್ದೀಯ ಮಾಮ’ ಅಂದಳು. ಅವಳು ‘ವಿ ಒನ್’ ಅಂದಳು, ಅಂದರೆ ಇನ್ನು ಓಟ ನಿಲ್ಲಿಸುವ ಹಾಗಿಲ್ಲ, ಹಾರಲೇಬೇಕು. ಆಮೇಲೆ ‘ರೊಟೇಟ್’, ಮೂತಿ ಎತ್ತು ಅಂತ. ವಿಮಾನ ಎದ್ದಿತು ಅಂದುಕೊಂಡು ಗಾಲಿ ಒಳಗೆ ಎಳೆಯುವ ಹಿಡಿಕೆಯ ಚಿತ್ರಕ್ಕೆ ನಾನು ಕೈ ಹಾಕಿದೆ. ಕೈ ಮೇಲೆ ಪಟ್ಟಂತ ಒಂದು ಏಟು ಬಿತ್ತು. ‘ಅದು ನಿಂದಲ್ಲ. ನಾನು ಪಾಸಿಟಿವ್ ರೇಟ್ ಅಂತೀನಿ, ಅಂದ್ರೆ ವಿಮಾನ ಮೇಲೇರ್ತಿದೆ ಅಂತ. ನೀನು ಗೇರ್ ಅಪ್ ಅನ್ನು, ಆಮೇಲೆ ನಾನು ಗಾಲಿ ಎತ್ತೋದು.’ ಓಡಿಸುವವನು ಬಾಯಿಬಿಟ್ಟು ಹೇಳಬೇಕು, ಪಕ್ಕದವರು ಮಾಡಬೇಕು. ಹೇಳದೆ ಏನನ್ನೂ ಮುಟ್ಟುವ ಹಾಗಿಲ್ಲ.

ಇವಳಿಗೂ ಇದೇ ಕಷ್ಟವಾಗಿತ್ತಂತೆ. ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಿದ್ದು ಜಾಸ್ತಿ ಸೆಸ್ನಾದಂಥ ಸಣ್ಣ ವಿಮಾನದಲ್ಲಿ. ಅಲ್ಲಿ ಸ್ಟೀರಿಂಗೂ ನೀನೇ, ರೇಡಿಯೋನೂ ನೀನೇ, ಮ್ಯಾಪೂ ನೀನೇ. ನಮ್ಮ ತೋರಣಗಲ್ಲಿಗೆ ಬರುತ್ತಿದ್ದ ಎಟಿಆರ್ 72 ಆಗಲಿ, ದೊಡ್ಡ ಏರ್‌ಬಸ್ ಆಗಲಿ, ಇಬ್ಬರಿಲ್ಲದೆ ಹಾರುವಂತಿಲ್ಲ. ಒಬ್ಬರು ಓಡಿಸುತ್ತಾರೆ. ಇನ್ನೊಬ್ಬರು ರೇಡಿಯೋದಲ್ಲಿ ಮಾತಾಡುತ್ತಾರೆ, ಚೆಕ್‌ಲಿಸ್ಟ್ ಓದುತ್ತಾರೆ, ಓಡಿಸುವವರ ಮೇಲೆ ಕಣ್ಣಿಟ್ಟಿರುತ್ತಾರೆ. ಹೋಗುವಾಗ ಕ್ಯಾಪ್ಟನ್ ಓಡಿಸಿದರೆ ಬರುವಾಗ ಇವಳು ಓಡಿಸಬಹುದು. ಒಬ್ಬರಿಂದ ಒಬ್ಬರಿಗೆ ಕೊಡುವಾಗ ‘ಯು ಹ್ಯಾವ್ ಕಂಟ್ರೋಲ್’, ‘ಐ ಹ್ಯಾವ್ ಕಂಟ್ರೋಲ್’ ಅಂತ ಇಬ್ಬರೂ ಹೇಳಲೇಬೇಕು. ಭುಜದ ಮೇಲೆ ಕ್ಯಾಪ್ಟನ್‌ಗೆ 4 ಪಟ್ಟಿ, ಇವಳಿಗೆ 3. ಕೊನೆಯ ಮಾತು ಕ್ಯಾಪ್ಟನ್ನದೇ. ಆ ಸೀಟಿಗೆ ಬೇಕಾದ ದೊಡ್ಡ ಲೈಸೆನ್ಸಿಗೆ ನಮ್ಮ ದೇಶದಲ್ಲಿ 1500 ಗಂಟೆ ಹಾರಿರಬೇಕು.

ಹಾಗಾಗಿ ‘ಸಹಾಯಕ’ ಸರಿಯಲ್ಲ ಅಂತ ನನಗೂ ಅನ್ನಿಸಿತು. ಕಾಲೇಜಿನಲ್ಲಿ ನೋಡಿ, ಸಹಾಯಕ ಪ್ರಾಧ್ಯಾಪಕರಿಗಿಂತ ಸಹ ಪ್ರಾಧ್ಯಾಪಕರು ಒಂದು ಮೆಟ್ಟಿಲು ಮೇಲೆ. ‘ಉಪ ಪೈಲಟ್’ ಅಂತ ಒಬ್ಬರು ಸೂಚಿಸಿದರು, ಅದು ಉಪಾಧ್ಯಕ್ಷರ ಹಾಗೆ, ಅಧ್ಯಕ್ಷರು ಊರಲ್ಲಿಲ್ಲದಾಗ ಮಾತ್ರ ಕುರ್ಚಿ ಸಿಗುತ್ತದೆ ಅನ್ನಿಸುತ್ತದೆ. ‘ವೈಮಾನಿಕ’ ಒಳ್ಳೆಯ ಪದವೇ, ಆದರೆ ಪ್ರವಾಹ ಬಂದಾಗಲೆಲ್ಲ ಮಂತ್ರಿಗಳು ‘ವೈಮಾನಿಕ ಸಮೀಕ್ಷೆ’ ಮಾಡಿ ಮಾಡಿ ಅದು ಮನುಷ್ಯರ ಹೆಸರಾಗಿ ಉಳಿದಿಲ್ಲ. ಗಗನಸಖಿಗೆ ಅಷ್ಟು ಚೆಂದದ ಪದ ಸಿಕ್ಕಿತು, ಪೈಲಟ್‌ಗೆ ಸಿಗಲಿಲ್ಲ. ನಮ್ಮ ಓಣಿಯಲ್ಲಿ ಅರ್ಧ ಜನ ಇವಳನ್ನೂ ಗಗನಸಖಿ ಅಂತಲೇ ತಿಳಿದಿದ್ದಾರೆ, ಅದಕ್ಕೇ ಪದ ಸರಿಯಾಗಿರಲಿ ಅಂತ ನನ್ನ ಹಟ. ಅಂದಹಾಗೆ ಈ ಪೈಲಟ್ ಅನ್ನುವುದು ಮೊದಲು ಹಡಗಿನವರ ಪದ, ಅದರ ಬೇರು ಗ್ರೀಕಿನಲ್ಲಿ ಹುಟ್ಟುಗೋಲಿನ ಹೆಸರು. ಆನೆಗೊಂದಿಯಲ್ಲಿ ಹರಗೋಲು ಹಾಕುವ ಅಂಬಿಗನೇ ಅಸಲಿ ಪೈಲಟ್ ಅನ್ನಿ!

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ಓಡಿಸದೆ ಕೂತವರನ್ನು ಮೊದಲು ‘ಪೈಲಟ್ ನಾಟ್ ಫ್ಲೈಯಿಂಗ್’ ಅನ್ನುತ್ತಿದ್ದರಂತೆ, ಈಗ ‘ಪೈಲಟ್ ಮಾನಿಟರಿಂಗ್’ ಅನ್ನುತ್ತಾರೆ. ಸುಮ್ನೆ ಕೂತವರಲ್ಲ, ಅವರಿಗೂ ಕೆಲಸ ಇದೆ ಅಂತ ಹೆಸರು ಬದಲಾಯಿತು. ಇದನ್ನು ಕನ್ನಡದಲ್ಲಿ ಏನನ್ನುವುದು? ನಿಘಂಟು ‘ಮೇಲ್ವಿಚಾರಣೆ’ ಅನ್ನುತ್ತದೆ. ಮೇಲ್ವಿಚಾರಣೆ ಮಾಡುವುದು ಮೇಲಿನವರು, ಕೆಳಗಿನವರಲ್ಲ. ಇಲ್ಲಿ 25 ವರ್ಷದ ಹುಡುಗಿ 50 ವರ್ಷದ ಕ್ಯಾಪ್ಟನ್ ಮೇಲೆ ಕಣ್ಣಿಡಬೇಕು, ತಪ್ಪಿದರೆ ಬಾಯಿಬಿಟ್ಟು ಹೇಳಬೇಕು. ಎರಡು ಸಲ ಕೂಗಿ ಹೇಳಿದರೂ ಉತ್ತರ ಬರದಿದ್ದರೆ ಅವರಿಗೇನೋ ಆಗಿದೆ ಅಂತ ತಿಳಿದು ಕಂಟ್ರೋಲ್ ತಾನೇ ತೆಗೆದುಕೊಳ್ಳಬೇಕು. ನಮ್ಮಲ್ಲಿ ದೊಡ್ಡವರಿಗೆ ಎದುರಾಡಬಾರದು ಅಂತ ಬೆಳೆಸಿರುತ್ತಾರೆ, ಆ ಅಭ್ಯಾಸ ಬಿಡಿಸುವುದೇ ತರಬೇತಿಯಲ್ಲಿ ದೊಡ್ಡ ಪಾಠವಂತೆ.

ಅದಕ್ಕೆ ಕಾರಣವೂ ಇದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಮೇಲೇರಲು ಹೊರಟ ವಿಮಾನದಲ್ಲಿ ಕಿರಿಯರೊಬ್ಬರಿಗೆ ಎದುರಿನ ವಿಮಾನ ರನ್‌ವೇಯಿಂದ ಆಚೆ ಹೋಗಿದೆಯಾ ಅಂತ ಅನುಮಾನ ಬಂದಿತ್ತು, ಕೇಳಿಯೂ ಕೇಳಿದರು. ಕ್ಯಾಪ್ಟನ್ ಹೋಗಿದೆ ಅಂದರು, ಮಾತು ಅಲ್ಲಿಗೇ ನಿಂತಿತು. ಇಂಥ ಅಪಘಾತಗಳಾದ ಮೇಲೆಯೇ ಕಾಕ್‌ಪಿಟ್ಟಿನಲ್ಲಿ ಹೇಗೆ ಮಾತಾಡಬೇಕು ಅನ್ನುವುದನ್ನೇ ಒಂದು ವಿಷಯವಾಗಿ ಕಲಿಸತೊಡಗಿದ್ದು.

ನನಗೆ ಹೊಳೆದದ್ದು ‘ನಿಗಾ’. ಆಸ್ಪತ್ರೆಯಲ್ಲಿ ‘ತೀವ್ರ ನಿಗಾ ಘಟಕ’ ಅಂತ ಎಲ್ಲರೂ ಓದಿದ್ದಾರೆ, ಮೇಲು ಕೀಳಿನ ಮಾತು ಅದರಲ್ಲಿಲ್ಲ. ನಮ್ಮ ಕಡೆ ಮಾತಿನಲ್ಲಿ ‘ನದರು’ ಅಂತಲೂ ಇದೆ, ‘ಅದರ ಮ್ಯಾಲ ಒಂದು ನದರ ಇಡು’ ಅನ್ನುತ್ತೇವೆ. ಎರಡೂ ಉರ್ದು ದಾರಿಯಲ್ಲಿ ಬಂದವು, ಬಂದರೆ ಬರಲಿ. ‘ನಿಗಾ ಪೈಲಟ್’ ಅಂದಾಗ ಅಮ್ಮನಿಗೆ ತಕ್ಷಣ ಅರ್ಥವಾಯಿತು. ‘ಹಂಗಾದ್ರ ಕ್ಲೀನರ್ ಹೋಲ್ಡಾನ್ ಅಂದ್ರ ಡ್ರೈವರ್ ನಿಲ್ಲಿಸಲೇಬೇಕಲ್ಲ, ಹಂಗ’ ಅಂದಳು. ಹುಡುಗಿ ಈ ಸಲ ಸಿಟ್ಟಾಗಲಿಲ್ಲ.

ರಾಯಚೂರು, ಕೊಪ್ಪಳದ ಕಡೆಯವರು ‘ನದರು’ ಪದವನ್ನು ಇದೇ ಅರ್ಥದಲ್ಲಿ ಬಳಸುತ್ತೀರಾ, ಅಥವಾ ಮಗುವಿಗೆ ದೃಷ್ಟಿ ಆಯಿತು ಅನ್ನುವ ಅರ್ಥವೇ ಮೊದಲು ಬರುತ್ತದಾ? ಅದಕ್ಕಿಂತ ಮುಂಚೆ ‘ಸಹ’ ಕೂಡಿಸಲೋ ಬಿಡಿಸಲೋ ಹೇಳಿ. ಶನಿವಾರ ಬೆಳಿಗ್ಗೆ ಫ್ಲೆಕ್ಸು ಕಟ್ಟಬೇಕು, ಶುಕ್ರವಾರ ರಾತ್ರಿಯೊಳಗೆ ಪ್ರಿಂಟಿಗೆ ಹಾಕದಿದ್ದರೆ ಅಕ್ಕ ಅಂಗಡಿಗೇ ಬಂದು ಕೂರುತ್ತಾಳೆ.