ಮಜ್ಜೆಯಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ ಎಂದಮೇಲೂ ಮಗುವಿಗೆ ಔಷಧ ಏಕೆ?

ಪ್ರಶ್ನೆ: ಮಾನ್ಯ ಡಾಕ್ಟರೇ, ಆರು ವರ್ಷದ ನಮ್ಮ ಮಗಳಿಗೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದು, ಚಿಕಿತ್ಸೆಯ ಕಠಿಣ ಹಂತಗಳು ಮುಗಿದಿವೆ. ಮೂಳೆಯೊಳಗಿನ ಮಜ್ಜೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣಗಳು ಕಂಡುಬಂದಿಲ್ಲ. ಈಗ ರೋಗ ಮರುಕಳಿಸದಂತೆ ತಡೆಯುವ ಮೇಂಟೆನೆನ್ಸ್ ಹಂತದಲ್ಲಿ ಪ್ರತಿ ರಾತ್ರಿ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ ಕೊಡುತ್ತಿದ್ದೇವೆ. ಆಡಿಕೊಂಡಿರುವ ಮಗುವಿಗೆ ಇಷ್ಟು ದೀರ್ಘಕಾಲ ಔಷಧ ಬೇಕೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಒಮ್ಮೊಮ್ಮೆ ಅವಳೂ ಹಟ ಹಿಡಿದು ಗುಳಿಗೆ ಉಗುಳುತ್ತಾಳೆ. ಒಂದೆರಡು ದಿನ ತಪ್ಪಿದರೆ ತೊಂದರೆಯೇ?

ಉತ್ತರ: ಅಮ್ಮ, ಹಿರಿಯರ ಪ್ರಶ್ನೆ ಸಹಜವಾದುದೇ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಜ್ಜೆಯಲ್ಲಿ ಬ್ಲಾಸ್ಟ್ ಕಣಗಳು (ಬಲಿಯದ ರಕ್ತಕಣಗಳು) ಶೇಕಡಾ 5ಕ್ಕಿಂತ ಕಡಿಮೆಯಿದ್ದು, ರಕ್ತಕಣಗಳ ಉತ್ಪತ್ತಿ ಸರಿದಾರಿಗೆ ಬಂದಿದ್ದರೆ ಅದನ್ನು ರೆಮಿಷನ್ ಎನ್ನುತ್ತೇವೆ. ಹಾಗೆಂದ ಮಾತ್ರಕ್ಕೆ ರೋಗ ಬೇರುಸಹಿತ ಹೋಯಿತೆಂದು ಅರ್ಥವಲ್ಲ. ಅತ್ಯಂತ ಸೂಕ್ಷ್ಮ ಪರೀಕ್ಷೆಗಳ ಕಣ್ಣಿಗೂ ಬೀಳದಷ್ಟು ಕಣಗಳು ಉಳಿದಿರಬಹುದು, ಮತ್ತು ಅವು ವಿಭಜನೆಗೆ ತೊಡಗಿದಾಗಲೆಲ್ಲ ಔಷಧ ರಕ್ತದಲ್ಲಿ ಇರಬೇಕಾದುದರಿಂದಲೇ ಒಟ್ಟು ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮರ್ಕ್ಯಾಪ್ಟೊಪ್ಯೂರಿನ್ ಡೋಸ್‌ಗಳಲ್ಲಿ ಶೇಕಡಾ 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚು ಎಂಬುದು ಅಧ್ಯಯನದಲ್ಲಿ ಕಂಡಿದೆ. ಲೆಕ್ಕ ಹಾಕಿದರೆ, ಉಳಿದ ಆ ಶೇಕಡಾ 5 ಎಂದರೆ ತಿಂಗಳಿಗೆ ಒಂದೆರಡು ದಿನ ತಪ್ಪುವುದಷ್ಟೇ.

ಇದಕ್ಕಿಂತಲೂ ಮುಖ್ಯವಾದುದು ಒಂದಿದೆ. ಈ ಔಷಧಗಳು ರಕ್ತಕಣಗಳನ್ನೂ ತಗ್ಗಿಸುವುದರಿಂದ, ಪ್ರತಿ ಭೇಟಿಯಲ್ಲೂ ರಕ್ತಕಣಗಳ ಎಣಿಕೆ ನೋಡಿ ನಾವು ಡೋಸ್ ಏರಿಸುತ್ತೇವೆ ಇಲ್ಲವೇ ಇಳಿಸುತ್ತೇವೆ. ಗುಳಿಗೆ ತಪ್ಪಿದ ಸಂಗತಿಯನ್ನು ಸಂಕೋಚದಿಂದ ಮುಚ್ಚಿಟ್ಟರೆ, ಎಣಿಕೆ ಏರಿರುವುದನ್ನು ಕಂಡು ‘ಈ ಡೋಸ್ ಸಾಲದು’ ಎಂದು ನಾವು ಹೆಚ್ಚಿಸಿಬಿಡುತ್ತೇವೆ; ಮುಂದಿನ ತಿಂಗಳು ಎಲ್ಲ ಗುಳಿಗೆಗಳೂ ಸರಿಯಾಗಿ ಹೊಟ್ಟೆಗೆ ಹೋದಾಗ ಎಣಿಕೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಆದ್ದರಿಂದ ತಪ್ಪಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ನಮಗೆ ತೋರಿಸಿ, ಯಾರೂ ಗದರುವುದಿಲ್ಲ. (ಗದರುವ ವೈದ್ಯರಿದ್ದರೆ ತಪ್ಪು ಅವರದು.) ಉಗುಳಿದ ಡೋಸನ್ನು ನೀವಾಗಿಯೇ ಮತ್ತೆ ಕೊಡಬೇಡಿ, ಮರುದಿನ ಎರಡು ಪಟ್ಟು ಮಾಡಲೂಬೇಡಿ, ನಿಮ್ಮ ತಂಡವನ್ನು ಕೇಳಿ. ಗುಳಿಗೆಯನ್ನು ಪುಡಿ ಮಾಡುವ ಮುನ್ನವೂ ಕೇಳಬೇಕು, ಏಕೆಂದರೆ ಆ ಪುಡಿ ಮನೆಯ ಇತರರಿಗೆ ಒಳ್ಳೆಯದಲ್ಲ. ಮೆಥೊಟ್ರೆಕ್ಸೇಟ್ ವಾರದ ಔಷಧ ಎಂಬುದನ್ನು ಡಬ್ಬಿಯ ಮೇಲೆ ದಿನದ ಹೆಸರಿನೊಂದಿಗೆ ದಪ್ಪಕ್ಷರದಲ್ಲಿ ಬರೆದಿಡಿ: ಅದನ್ನು ಕಣ್ತಪ್ಪಿನಿಂದ ದಿನವೂ ಕೊಟ್ಟರೆ ಪ್ರಾಣಾಪಾಯವಾಗಬಹುದು. ಶಕ್ತಿ ಬರಲೆಂದು ವಿಟಮಿನ್ ಗುಳಿಗೆಗಳನ್ನು ಸೇರಿಸಬೇಡಿ. ಮೆಥೊಟ್ರೆಕ್ಸೇಟ್ ಫೋಲೇಟ್ ಎಂಬ ಬಿ ವಿಟಮಿನ್‌ನ ಕೆಲಸವನ್ನು ತಡೆದೇ ಪರಿಣಾಮ ಬೀರುವುದರಿಂದ, ಫೋಲಿಕ್ ಆಮ್ಲವಿರುವ ಗುಳಿಗೆ ಅದಕ್ಕೆ ಅಡ್ಡ ಬರಬಹುದು.

ಮರುಪ್ರಶ್ನೆ: ಮನೆಯಲ್ಲಿ ಎಣಿಕೆ ತಿಳಿಯುವುದಿಲ್ಲ. ರಾತ್ರಿ ಜ್ವರ ಬಂದರೆ ಬೆಳಗಿನವರೆಗೆ ಕಾಯಬಹುದೇ?

ಉತ್ತರ: ಖಂಡಿತ ಬೇಡ. ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ತಲುಪಿದರೂ, ಅಥವಾ 38 ಡಿಗ್ರಿ ಒಂದು ಗಂಟೆ ನಿಂತರೂ ಆಗಲೇ ಕರೆ ಮಾಡಿ ಹೊರಡಿ; ನಿಮ್ಮ ಆಸ್ಪತ್ರೆ ಇನ್ನೂ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಣಿಕೆ ಮೈಕ್ರೋಲೀಟರ್‌ಗೆ 500ಕ್ಕಿಂತ ಕೆಳಗಿರುವ ಮಗುವಿನಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ಉಲ್ಬಣಿಸಬಹುದಾದ್ದರಿಂದ, ಬಂದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಆರಂಭಿಸುವುದು ನಮ್ಮ ಗುರಿ. ಕರೆ ಮಾಡುವ ಮೊದಲು ಪ್ಯಾರಸಿಟಮಾಲ್ ಕೊಡಬೇಡಿ: ಜ್ವರ ಮರೆಯಾಗುತ್ತದೆ, ಸೋಂಕು ಉಳಿಯುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು. ಜ್ವರವಿಲ್ಲದಿದ್ದರೂ ಮಗು ಚಳಿಯಿಂದ ನಡುಗುತ್ತಿದ್ದರೆ, ಮಂಕಾಗಿ ಮಲಗಿದ್ದರೆ ಆಗಲೇ ಕರೆ ಮಾಡಿ; ಸಿಡುಬಿನಂತಹ ಗುಳ್ಳೆಗಳೇಳುವ ಚಿಕನ್‌ಪಾಕ್ಸ್ ಇರುವವರ ಬಳಿ ಇದ್ದಿದ್ದರೆ ಅದೇ ದಿನ ತಿಳಿಸಿ.

ಇನ್ನೊಬ್ಬ ಪೋಷಕರ ಪ್ರಶ್ನೆ: ಸರ್, ತಂಗಿಗೆ ಚಿಕಿತ್ಸೆ ಶುರುವಾದಾಗಿನಿಂದ ಹತ್ತು ವರ್ಷದ ನಮ್ಮ ಮಗ ಮೌನಿಯಾಗಿದ್ದಾನೆ. ಏನೂ ಕೇಳುವುದಿಲ್ಲ.

ಉತ್ತರ: ಕೇಳದ ಮಕ್ಕಳ ಮನಸ್ಸಿನಲ್ಲೇ ಹಲವು ಬಾರಿ ಹೆಚ್ಚಿನ ಪ್ರಶ್ನೆಗಳಿರುತ್ತವೆ. ‘ನಾನು ಹೊಡೆದದ್ದರಿಂದ ಹೀಗಾಯಿತೇ, ನನಗೂ ಅಂಟುತ್ತದೆಯೇ’ ಎಂಬ ಭಯ ಈ ವಯಸ್ಸಿನಲ್ಲಿ ಸಾಮಾನ್ಯ. ಅವನು ಕೇಳಲೆಂದು ಕಾಯದೆ, ಇದು ಯಾರ ತಪ್ಪಿನಿಂದಲೂ ಬಂದುದಲ್ಲ, ಅಂಟುವುದೂ ಇಲ್ಲ ಎಂದು ರೋಗದ ಹೆಸರು ಹೇಳಿಯೇ ವಿವರಿಸಿ. ಸ್ಟೀರಾಯ್ಡ್ ಕೊಡುವ ದಿನಗಳಲ್ಲಿ ತಂಗಿ ಸಿಡುಕುವುದು ಔಷಧದ ಪರಿಣಾಮವೆಂದೂ ಅವನಿಗೆ ಗೊತ್ತಿರಲಿ. ಆದರೆ ಅವಳು ಹೊಡೆದರೆ ತಡೆಯಿರಿ, ಅವನಿಗಿದ್ದ ನಿಯಮ ಅವಳಿಗೂ ಇರಬೇಕು. ಒಮ್ಮೆ ಆಸ್ಪತ್ರೆಗೆ ಕರೆತನ್ನಿ, ಅವನ ಪ್ರಶ್ನೆಗಳಿಗೆ ನರ್ಸ್ ಅಥವಾ ಆಪ್ತಸಮಾಲೋಚಕರು ಅವನೊಂದಿಗೇ ಕುಳಿತು ಉತ್ತರಿಸುತ್ತಾರೆ.